ತುಂಗಾ ಓಡಿದ ಹಾದಿ

ಗುಡ್ಡದ ಮೇಲಿನ ಕೋಟೆ, ಅಡಿಕೆಯ ತೋಟಗಳು, ಸಂತೇಬೆನ್ನೂರಿನ ಪುಷ್ಕರಿಣಿ, ಕಡಲನ್ನು ನೆನಪಿಸುವ ಸೂಳೆಕೆರೆ—ಚನ್ನಗಿರಿ ಸೀಮೆಗೆ ಬಂದವರು ಇವನ್ನು ಕಾಣದೆ ಹಿಂದಿರುಗುವುದಿಲ್ಲ. ಈ ಸೀಮೆಗೆ ಮತ್ತೊಂದು ಹೆಮ್ಮೆಯೂ ಉಂಟು.

2019ರ ಜುಲೈನಲ್ಲಿ ಬಸವಾಪಟ್ಟಣದ ಬಳಿ ಕೊಲೆಯೊಂದು ನಡೆದಾಗ, ದಾವಣಗೆರೆ ಪೊಲೀಸರ ಡಾಬರ್‌ಮನ್ ನಾಯಿ ತುಂಗಾ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಸುಳಿವು ತೋರಿತು. 2024ರ ಜುಲೈನಲ್ಲಿ ತುಂಗಾ-2 ಸಂತೇಬೆನ್ನೂರಿನ ಕಡೆ ಇರುಳ ಮಳೆಯಲ್ಲಿ 8 ಕಿಲೋಮೀಟರ್ ಓಡಿ ಮನೆಯೊಂದರ ಮುಂದೆ ನಿಂತಿತು. ಒಳಗೆ ಪತಿಯ ಹೊಡೆತಕ್ಕೆ ಸಿಕ್ಕಿದ್ದ ಹೆಂಗಸಿನ ಪ್ರಾಣ ಉಳಿಯಿತು.

ಪತ್ತೇದಾರಿ ನಾಯಿಯಾಗಲಿ, ತೋಟ ಕಾಯುವ ನಾಯಿಯಾಗಲಿ, ಕಾಲು ಸೋತು ಶಸ್ತ್ರಚಿಕಿತ್ಸೆ ಬೇಕಾದ ದಿನ ಬಾಯಿಬಿಟ್ಟು ಕೇಳಲಾರದು. ಆ ವೆಚ್ಚಕ್ಕೆ ನಾಲ್ಕು ಮನೆಯವರು ಕೈಗೂಡಿಸಿದರೆ ಊರಿನ ಋಣ ಕೊಂಚವಾದರೂ ತೀರೀತು.