ಹೆಗಲಿಗೇರುವ ದೋಣಿ

ಗಾಳಿ ತುಂಬುವ ದೋಣಿ ಅಂದಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಸಮುದ್ರದ ದಂಡೆಯಲ್ಲಿ ಮಕ್ಕಳು ಆಡುವ ಬಣ್ಣಬಣ್ಣದ ಆಟಿಕೆ. "ಈ ವಯಸ್ಸಿನಲ್ಲಿ ಇದೇನ್ರೀ ಹುಚ್ಚು?" ಎಂದು ಪಕ್ಕದ ಮನೆಯವರು ನನ್ನನ್ನು ಕೇಳಿದ್ದೂ ಅದಕ್ಕೇ. ಹುಚ್ಚೇ ಇರಬಹುದು. ಆದರೆ ಅದಕ್ಕೊಂದು ಕಾರಣವಿದೆ. ನಮ್ಮ ಯಜಮಾನರು ಮೊದಲಿನಿಂದಲೂ ಕಾಡು, ಗುಡ್ಡ ಅಲೆಯುವ ಜಾತಿ. ಮೂರು ವರ್ಷದ ಹಿಂದೆ ಅವರ ಮಂಡಿ ಕೈಕೊಟ್ಟಿತು. ಗುಡ್ಡ ಹತ್ತುವುದೂ ಬೇಡ, ಭಾರ ಹೊರುವುದೂ ಬೇಡ ಎಂದರು ಡಾಕ್ಟರು. ಅಂದಿನಿಂದ ಮನುಷ್ಯ ಜಗಲಿಯಲ್ಲಿ ಕೂತು ಒಂದೇ ಪೇಪರನ್ನು ಮೂರು ಸಲ ಓದಲು ಶುರುಮಾಡಿದರು. ಮಾತೂ ಕಡಿಮೆಯಾಯಿತು. ಕಾಲಿಗೆ ಕೆಲಸ ಕೊಡದೆ ಕೈಯಿಂದಲೇ ಊರು ಸುತ್ತುವ ದಾರಿ ಯಾವುದಿದೆ ಎಂದು ಯೋಚಿಸಿದಾಗ ಹೊಳೆದದ್ದು ಹುಟ್ಟು ಹಾಕುವುದು. ಡಾಕ್ಟರೂ ಅಡ್ಡಿಯಿಲ್ಲ ಅಂದರು.

ಸರಿ, ದೋಣಿಯನ್ನು ಬಸ್ಸಿನಿಂದ ಹೊಳೆಯವರೆಗೆ ಹೊರುವವರು ಯಾರು? ನಾನು. ದುಡ್ಡು ಯಾರದ್ದು? ನಾಲ್ಕು ಬೇಸಗೆ ಹಲಸಿನ ಹಪ್ಪಳ ಮಾರಿ ಕೂಡಿಟ್ಟ ನನ್ನದೇ. ಹಾಗಾಗಿ ಆರಿಸುವ ಹಕ್ಕೂ ನನಗೇ ಬಂತು!

ಪೇಟೆಯಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ದೋಣಿಗಳನ್ನು ಮೊದಲೇ ಬಿಟ್ಟೆ. ತೆಳು ಹಾಳೆ, ಮೆತ್ತಗಿನ ತಳ. ಇಬ್ಬರು ಕೂತರೆ ನಡು ಕುಸಿದು ಜೋಲಿಯ ಹಾಗಾಗುತ್ತದೆ. ಈಜುಕೊಳಕ್ಕೆ ಅದು ಸಾಕು, ಹೊಳೆಗೆ ಸಾಲದು. ಅದಕ್ಕಿಂತ ಮೇಲಿನದು ಗಾಳಿ ತುಂಬುವ ಕಯಾಕ್. ಉದ್ದಕ್ಕೆ, ಚೂಪು ಮೂಗಿನ ಹೋಳಿಗೆಪೆಟ್ಟಿಗೆಯಂತಿರುವ ಇದರಲ್ಲಿ ಎರಡು ಸೀಟು. ನನ್ನ ಅಕ್ಕನ ಮಗನ ಹತ್ತಿರ ಒಂದಿತ್ತು, ನಮ್ಮ ತೋಟದ ಕೆರೆಯಲ್ಲಿ ನೋಡಿದೆವು. ನೀರಿನಲ್ಲಿ ಸೊಗಸು. ನೆಟ್ಟಗೆ ಸಾಗುತ್ತದೆ, ಕೂತವರಿಗೆ ಭದ್ರ ಅನ್ನಿಸುತ್ತದೆ, ಎಡಬಲಕ್ಕೂ ತಳಕ್ಕೂ ಬೇರೆಬೇರೆ ಗಾಳಿಕೋಣೆ ಇರುವುದರಿಂದ ಒಂದು ತೂತಾದರೂ ಉಳಿದೆರಡು ತೇಲಿಸುತ್ತವೆ. ಆದರೆ ತೂಕ? ಇಂಥವು 14ರಿಂದ 18 ಕಿಲೋ. ಪಂಪು, ಹುಟ್ಟು, ಬುತ್ತಿ ಸೇರಿದರೆ ಅರ್ಧ ಮೂಟೆ ಅಕ್ಕಿ. ಕಾರಿನಲ್ಲಿ ಹೊಳೆಯ ಅಂಚಿನವರೆಗೂ ಹೋಗುವವರು ಖಂಡಿತ ಇದನ್ನೇ ಕೊಳ್ಳಲಿ. ನಮ್ಮದು ಬಸ್ಸಿನ ಸಂಸಾರ.

ಈಗ ಹೊಸದಾಗಿ ಡ್ರಾಪ್ ಸ್ಟಿಚ್ ಎಂಬ ತಳ ಬಂದಿದೆ. ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ನಡುವೆ ಸಾವಿರಾರು ದಾರಗಳನ್ನು ಹೆಣೆದಿರುತ್ತಾರೆ. ನಮ್ಮ ಅಜ್ಜಿಯಂದಿರು ಕೌದಿಗೆ ಒತ್ತೊತ್ತಾಗಿ ಹೊಲಿಗೆ ಹಾಕುತ್ತಿದ್ದರಲ್ಲ, ಆ ಜಾತಿಯದೇ ಉಪಾಯ. ಎಷ್ಟೇ ಗಾಳಿ ತುಂಬಿದರೂ ಉಬ್ಬದೆ ಹಲಗೆಯಂತೆ ಚಪ್ಪಟೆಯಾಗಿ ನಿಲ್ಲುತ್ತದೆ. ಚೆಂದವೇನೋ ಹೌದು, ತೂಕ ಮಾತ್ರ ಇನ್ನೂ ಹೆಚ್ಚು.

ಕೊನೆಗೆ ಮನಸ್ಸು ನಿಂತದ್ದು ಪ್ಯಾಕ್‌ರಾಫ್ಟ್ ಎಂಬುದರ ಮೇಲೆ. ನೈಲಾನ್ ಬಟ್ಟೆಗೆ ಗಾಳಿ ಹಿಡಿಯುವ ಲೇಪ ಕೊಟ್ಟು ಮಾಡಿದ್ದು. ಇಬ್ಬರು ಕೂರುವಂಥದ್ದೂ ನಾಲ್ಕರಿಂದ ಆರು ಕಿಲೋ ಅಷ್ಟೇ. ಸುತ್ತಿದರೆ ಹಾಸಿಗೆಯ ಸುರುಳಿಯಷ್ಟು. ಈ ದೋಣಿಗೆ ಇಂದಿನ ರೂಪ ಕೊಟ್ಟವರಲ್ಲಿ ಹೆಂಗಸೊಬ್ಬರ ಹೆಸರು ದೊಡ್ಡದು. ಅಲಾಸ್ಕಾದ ಶೆರಿ ಟಿಂಗೀ ಹಿಮದಲ್ಲಿ ಜಾರುವವರಿಗೆ ಬಟ್ಟೆ ಹೊಲಿದು ಪಳಗಿದವರು. ಬೆಟ್ಟ, ಹೊಳೆ ದಾಟುತ್ತ ತಿಂಗಳುಗಟ್ಟಲೆ ಅಲೆದ ಮಗ ಇದ್ದ ದೋಣಿಗಳು ಬಾಳಿಕೆ ಬರುವುದಿಲ್ಲವೆಂದಾಗ, 2000ದ ಆಸುಪಾಸಿನಲ್ಲಿ, ತಾವೇ ಅವನಿಗಾಗಿ ದೋಣಿ ಹೊಲಿದರು. ಅದೇ ಮುಂದೆ ಅಲ್ಪಾಕಾ ಎಂಬ ಕಂಪನಿಯಾಯಿತು. ಹೊಲಿಗೆಯ ಕೈ ಎಲ್ಲಿಂದ ಎಲ್ಲಿಗೆ ಮುಟ್ಟುತ್ತದೆ ನೋಡಿ!

ಈ ಯೋಚನೆ ಇನ್ನೂ ಹಳೆಯದು. 1840ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆಯ ಪೀಟರ್ ಹಾಲ್ಕೆಟ್ ರಬ್ಬರು ಬಟ್ಟೆಯ ಒಂದು ನಿಲುವಂಗಿ ಮಾಡಿದ. ಗಾಳಿ ಊದಿದರೆ ಅದೇ ದೋಣಿ. ಊರುಗೋಲೇ ಹುಟ್ಟಿನ ಹಿಡಿ, ಕೊಡೆಯೇ ಹಾಯಿ! ಇಬ್ಬರು ಕೂರುವ, ಬೆನ್ನುಚೀಲದಲ್ಲಿ ಹೊರುವ ಇನ್ನೊಂದನ್ನೂ ಮಾಡಿದ್ದ. ಉತ್ತರಧ್ರುವದ ಕಡೆ ಅಲೆದ ಜಾನ್ ರೇ ಹಾಲ್ಕೆಟನ ದೋಣಿಯನ್ನು ಕೊಂಡೊಯ್ದು ಮೆಚ್ಚಿದ್ದನಂತೆ.

ಹೊಸ ಪ್ಯಾಕ್‌ರಾಫ್ಟಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ವಿದೇಶದ್ದಾದರೆ ಒಂದು ಸ್ಕೂಟರೇ ಬಂದೀತು. ನಾನು ಕೊಂಡದ್ದು ಬೆಂಗಳೂರಿನ ಹುಡುಗರೊಬ್ಬರು ಬಳಸಿದ್ದ ಐದು ಕಿಲೋದ ದೋಣಿ. ಕೊಳ್ಳುವ ಮುಂಚೆ ಗಾಳಿ ತುಂಬಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಒತ್ತಿ ನೋಡಿದೆ. ಹೊಲಿಗೆಯ ಮೇಲೂ ಗಾಳಿಬಾಯಿಯ ಸುತ್ತಲೂ ಸಾಬೂನಿನ ನೊರೆ ಹಚ್ಚಿದೆ. ಸೋರಿದರೆ ಗುಳ್ಳೆ ಏಳುತ್ತದೆ. ಏಳಲಿಲ್ಲ. ಆಮೇಲೆ ನಮ್ಮಿಬ್ಬರ ತೂಕ, ನೀರು, ಬುತ್ತಿ ಎಲ್ಲ ಕೂಡಿಸಿ, ದೋಣಿ ಹೊರಬಲ್ಲ ಭಾರಕ್ಕಿಂತ ಅದು ಸಾಕಷ್ಟು ಕಡಿಮೆ ಇದೆಯೇ ಎಂದು ಲೆಕ್ಕ ಹಾಕಿದೆ. ಉದ್ದವನ್ನೂ ನೋಡಿ. ತೀರಾ ಗಿಡ್ಡವಾದರೆ ಹಿಂದಿನವರ ಹುಟ್ಟು ಮುಂದಿನವರ ಹುಟ್ಟಿಗೆ ಬಡಿಯುತ್ತದೆ. ತಳದ ಹಿಂಭಾಗದಲ್ಲಿ ಮೀನಿನ ರೆಕ್ಕೆಯಂಥ ಚಿಕ್ಕ ಹಲಗೆ ಸಿಕ್ಕಿಸುವ ಜಾಗವಿದ್ದರೆ ಒಳ್ಳೆಯದು. ಅದಿಲ್ಲದಿದ್ದರೆ ಪ್ರತಿ ಹುಟ್ಟಿಗೂ ದೋಣಿಯ ಮೂಗು ಆಚೆ ಈಚೆ ತೂಗಾಡುತ್ತದೆ.

ಇದರಲ್ಲಿ ಕುಂದೂ ಇದೆ, ಮುಚ್ಚಿಡಬಾರದು. ಇಂಥ ಹಗುರ ದೋಣಿಗಳಲ್ಲಿ ಬಹಳಷ್ಟಕ್ಕೆ ಮುಖ್ಯ ಗಾಳಿಕೋಣೆ ಒಂದೇ. ಅದಕ್ಕೇ ನಾವು ದಡ ಬಿಟ್ಟು ನಡುಹೊಳೆಗೆ ಹೋಗುವುದಿಲ್ಲ. ಜಾಕೆಟ್ಟು ಹಾಕದೆ ದೋಣಿಗೆ ಕಾಲಿಡುವುದಿಲ್ಲ. ಅದೂ ನಮ್ಮ ನಮ್ಮ ತೂಕಕ್ಕೆ ತಕ್ಕದ್ದು, ಹೆಗಲು ಹಿಡಿದೆತ್ತಿದರೆ ಕಿವಿಯವರೆಗೆ ಜಾರದಂಥದ್ದು. ತೋಟದ ಕೆರೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು, ಬೇಕೆಂದೇ ದೋಣಿ ಮಗುಚಿ, ಮತ್ತೆ ಏರುವುದನ್ನು ಹತ್ತು ಸಲ ಅಭ್ಯಾಸ ಮಾಡಿದೆವು. ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ಜಾರಿ ಒಳಗೆ ಬೀಳಬೇಕು. ಸೀರೆಯಲ್ಲಿ ಇದು ಆಗದ ಕೆಲಸ. ಬೇಗ ಒಣಗುವ ಚೂಡಿದಾರವೇ ಸರಿ, ದುಪಟ್ಟಾ ಮನೆಯಲ್ಲಿರಲಿ.

ಕೆರೆಯಲ್ಲಿ ಧೈರ್ಯ ಬಂದ ಮೇಲೆ, ಕಳೆದ ಮಾಘಮಾಸದಲ್ಲಿ, ಘಟ್ಟ ಇಳಿದು ಅಘನಾಶಿನಿಗೆ ಹೋದೆವು. ನಮ್ಮ ಶಿರಸಿಯ ಕಡೆಯೇ ಹುಟ್ಟಿ, ಎಲ್ಲೂ ಅಣೆಕಟ್ಟಿಲ್ಲದೆ, ತದಡಿಯ ಹತ್ತಿರ ಕಡಲು ಸೇರುವ ಹೊಳೆ. ಇದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಕುಮಟೆಯ ನಾದಿನಿಯ ಮನೆಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಅಂಕೋಲೆ ಕಡೆಯ ಬಸ್ಸು ಹಿಡಿದು ದೀವಗಿಯಲ್ಲಿ ಇಳಿದೆವು. ಕಂಡಕ್ಟರು ನನ್ನ ಗಂಟನ್ನು ನೋಡಿ "ಕಂಬಳಿಯಾ ಅಮ್ಮಾ?" ಎಂದರು. ದೋಣಿ ಎಂದೆ. ನಗಲೋ ಬೇಡವೋ ಎಂದು ತಿಳಿಯದೆ ಟಿಕೇಟು ಹರಿದು ಕೊಟ್ಟರು.

ದಿನ ಆರಿಸಿದ್ದು ಹೇಗೆಂದರೆ, ಅಳಿವೆಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆಗೆ ಎರಡು ದಿನ ಮುಂಚೆ ಹೋದರೆ ಉಬ್ಬರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ತುಂಬುತ್ತದೆ ಎಂದು ನಾದಿನಿಯ ಮಾವ ಪಂಚಾಂಗ ನೋಡಿ ಹೇಳಿದರು. ಆರೂವರೆಗೆ ನೀರಿಗಿಳಿದರೆ ಏರುವ ನೀರೇ ನಮ್ಮನ್ನು ಉಪ್ಪಿನಪಟ್ಟಣದ ಕಡೆ ಮೇಲಕ್ಕೆ ತಳ್ಳುತ್ತದೆ, ಒಂಬತ್ತರ ಮೇಲೆ ಇಳಿವ ನೀರು ವಾಪಸು ತರುತ್ತದೆ. ಕಡಲಿನ ಕಡೆ ಮಾತ್ರ ಹೋಗಬೇಡಿ ಎಂದರು. ಇಳಿತದಲ್ಲಿ ಅಳಿವೆಬಾಯಿ ಎಳೆಯುತ್ತದೆ, ಹಗುರ ದೋಣಿಗೆ ಅಲ್ಲಿ ಉಳಿಗಾಲವಿಲ್ಲ.

ಗಾಳಿ ತುಂಬಲು ಪಂಪು ಬೇಡ. ದೊಡ್ಡ ಬಟ್ಟೆಚೀಲವನ್ನು ಗಾಳಿಬಾಯಿಗೆ ಸಿಕ್ಕಿಸಿ, ಚೀಲದ ಬಾಯಿ ಅಗಲಿಸಿ ಗಾಳಿ ಹಿಡಿದು, ಮುಚ್ಚಿ ಒತ್ತುವುದು. ಹತ್ತು ನಿಮಿಷದ ಕೆಲಸ. ನೀರಿಗಿಳಿಸಿದ ಮೇಲೆ ತಣ್ಣಗಾಗಿ ಸ್ವಲ್ಪ ಮೆತ್ತಗಾಗುತ್ತದೆ, ಆಗ ಬಾಯಿಂದ ಇನ್ನಷ್ಟು ಊದಬೇಕು. ದಡದ ಬಿಸಿಲಲ್ಲಿ ಬಿಟ್ಟರೆ ಉಲ್ಟಾ, ಗಾಳಿ ಹಿಗ್ಗುತ್ತದೆ, ಸ್ವಲ್ಪ ಬಿಡಬೇಕು. ಇವರು ಪಾದ ಮುಳುಗುವ ನೀರಿನಲ್ಲಿ ನಿಂತು, ಮೊದಲು ದೋಣಿಯ ಅಂಚಿನ ಮೇಲೆ ಕೂತು, ಆಮೇಲೆ ಕಾಲುಗಳನ್ನು ಎತ್ತಿ ಒಳಗಿಟ್ಟರು. ಮಂಡಿಗೆ ಏನೂ ಆಗಲಿಲ್ಲ.

ತೂಕ ಹೆಚ್ಚಿದ್ದವರು ಹಿಂದೆ. ಮುಂದಿನವರು ಹುಟ್ಟಿನ ಲಯ ಹಿಡಿಯಬೇಕು, ಹಿಂದಿನವರು ಅದನ್ನು ಅನುಸರಿಸಿ ದಿಕ್ಕು ನೋಡಬೇಕು. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಮೊದಲ ಸಲ ನನ್ನ ಲಯಕ್ಕೆ ಇವರು ನಡೆದರು ಎನ್ನಿ. "ನಿಧಾನ ಮಾರಾಯ್ತಿ!" ಎಂದು ಹಿಂದಿನಿಂದ ಕೂಗು. ಇಬ್ಬನಿ ಇನ್ನೂ ಕರಗಿರಲಿಲ್ಲ. ದಡದುದ್ದಕ್ಕೂ ಕಾಂಡ್ಲಾ ಗಿಡಗಳು, ಅವುಗಳ ಬೇರಿನ ನಡುವೆ ಬಿಳಿ ಕೊಕ್ಕರೆ. ಬೇರಿನ ಹತ್ತಿರ ತೀರಾ ಹೋಗುವಂತಿಲ್ಲ. ಅಂಟಿಕೊಂಡ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ. ಹಾಸಿದ ಬಲೆಗಳನ್ನು ಸುತ್ತುಹಾಕಿ ಹೋದೆವು. ಅದು ಬೇರೆಯವರ ಅನ್ನ. ಯಜಮಾನರು ಒಂದೊಂದು ಹಕ್ಕಿಯ ಹೆಸರನ್ನೂ ಹೇಳುತ್ತ ಹೋದರು. ಮೂರು ವರ್ಷದಲ್ಲಿ ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ.

ಮೇಲೆ ಒಂದು ತೆಂಗಿನ ತೋಟದ ದಡದಲ್ಲಿ, ತೋಟದವರನ್ನು ಕೇಳಿ ದೋಣಿ ನಿಲ್ಲಿಸಿ, ಹಚ್ಚಿದ ಅವಲಕ್ಕಿ ತಿಂದೆವು. ಹಿಂತಿರುಗುವಾಗ ಹತ್ತರ ಮೇಲೆ ಪಡುವಣ ಗಾಳಿ ಎದ್ದಿತು. ಆಗ ತಿಳಿಯಿತು ಹಗುರದ ಬೆಲೆ. ಇಳಿವ ನೀರು ಮುಂದಕ್ಕೆ, ಗಾಳಿ ಹಿಂದಕ್ಕೆ. ಹುಟ್ಟು ಒಂದು ಕ್ಷಣ ನಿಲ್ಲಿಸಿದರೂ ದೋಣಿ ಒಣಗಿದ ಎಲೆಯ ಹಾಗೆ ಅಡ್ಡ ತಿರುಗುತ್ತದೆ. ದಡಕ್ಕೆ ಒತ್ತಿ, ಗಿಡಗಳ ಮರೆಯಲ್ಲೇ ಹುಟ್ಟು ಹಾಕಿ ದೀವಗಿ ಮುಟ್ಟಿದಾಗ ಹನ್ನೊಂದು. ಮಧ್ಯಾಹ್ನವಾಗಿದ್ದರೆ ದೋಣಿ ಮಡಚಿ ಹೆಗಲಿಗೇರಿಸಿ ರಸ್ತೆಗೆ ನಡೆಯುತ್ತಿದ್ದೆ. ಐದು ಕಿಲೋದ ದೋಣಿಯಲ್ಲಿ ಅದೊಂದು ಅನುಕೂಲ ಸದಾ ಇದೆ.

ಮನೆಗೆ ಬಂದಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ರೇಷ್ಮೆ ಸೀರೆಯಂತೆ ಪ್ರತಿಸಲ ಬೇರೆ ಮಡಿಕೆ ಹಾಕಿ, ಇಲಿ ಮುಟ್ಟದ ಕಡೆ ತೂಗುಹಾಕಿ. ನಮ್ಮದು ಈಗ ಅಟ್ಟದ ತೊಲೆಗೆ ನೇತಾಡುತ್ತಿದೆ. ಜಗಲಿಯಲ್ಲಿ ಇವರು ಪೇಪರು ಬದಿಗಿಟ್ಟು, ಪಂಚಾಂಗ ಹಿಡಿದು ಮುಂದಿನ ಹುಣ್ಣಿಮೆ ಎಂದು ಎಂದು ಹುಡುಕುತ್ತಿದ್ದಾರೆ.