ಇಂಥವರ ಮಗ ಇಂಥವನು

ಹಣೆಯ ಮೇಲೆ ಎಲುಬಿನ ಏರಿಳಿತ, ಹೆಗಲ ತುಂಬ ಕೂದಲು, ಮಾತಾಡಿದರೆ ಗದರಿದ ಹಾಗೆ. ಅಮೆರಿಕದ 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಲಿಂಗಾನ್ ಯೋಧರನ್ನು ಕಂಡವರು ಮೊದಲು ಬೆಚ್ಚುತ್ತಾರೆ, ಆಮೇಲೆ ನಗುತ್ತಾರೆ. ಮಗಳ ಒತ್ತಾಯಕ್ಕೆ ನೋಡಲು ಕೂತ ನಾನು ಎರಡನ್ನೂ ಮಾಡಿ ಮುಗಿಸಿದೆ. ಕೊನೆಗೆ ಮನಸ್ಸಿನಲ್ಲಿ ಉಳಿದದ್ದು ಅವರು ಹೆಸರು ಹೇಳಿಕೊಳ್ಳುವ ರೀತಿ. ವರ್ಫ್ ಬರೀ ವರ್ಫ್ ಅಲ್ಲ, ಮೋಗನ ಮಗ ವರ್ಫ್. ಅಪ್ಪನ ಹೆಸರು ಸೇರದೆ ಅವರ ಹೆಸರು ಪೂರ್ತಿಯಾಗುವುದೇ ಇಲ್ಲ. ಅದರ ಬೆನ್ನಿಗೇ ಮನೆತನ: ಮೋಗನ ಮನೆ, ಡುರಾಸನ ಮನೆ, ಮಾರ್ಟಾಕನ ಮನೆ. "ನೀನು ಯಾರ ಪೈಕಿ?" ಎಂದು ಕೇಳದೆ ನೀರು ಕೊಡದ ನಮ್ಮ ಅಜ್ಜಿಯರಿಗೆ ಇವರು ಥಟ್ಟನೆ ಅರ್ಥವಾಗುತ್ತಿದ್ದರು.

ಇವರ ಭಾಷೆಗೆ ಮಾರ್ಕ್ ಓಕ್ರಂಡ್ ಎಂಬ ಭಾಷಾಶಾಸ್ತ್ರಜ್ಞ 1985ರಲ್ಲಿ ನಿಘಂಟನ್ನೇ ಬರೆದುಕೊಟ್ಟಿದ್ದಾರೆ. 'ಪುಕ್' ಎಂದರೆ ಮಗು, 'ಲೋಡ್' ಗಂಡು, 'ಬೆ' ಹೆಣ್ಣು. ಹಾಗಾಗಿ ಪುಕ್‌ಲೋಡ್ ಎಂದರೆ ಮಗ, ಪುಕ್‌ಬೆ ಎಂದರೆ ಮಗಳು. 'ಮೋಗ್ ಪುಕ್‌ಲೋಡ್' ಎಂದರೆ ಮೋಗನ ಮಗ. ಇಂಗ್ಲಿಷಿನ ಹಾಗೆ ಮಗನನ್ನು ಮುಂದೆ ತಂದು ಅಪ್ಪನನ್ನು ಹಿಂದೆ ಹಾಕದೆ, ನಮ್ಮ ಕ್ರಮದಲ್ಲೇ ಹೇಳುತ್ತಾರೆ, ನೋಡಿ!

ಆದರೆ ಅಪ್ಪನ ಹೆಸರಿನ ಜೊತೆ ಅಪ್ಪನ ಲೆಕ್ಕವೂ ಬರುತ್ತದಲ್ಲ. 1990ರ ಒಂದು ಕಂತಿನಲ್ಲಿ, ಎಂದೋ ಸತ್ತ ಮೋಗನ ಮೇಲೆ ದ್ರೋಹದ ಆರೋಪ ಬರುತ್ತದೆ. ನಿಜವಾಗಿ ದ್ರೋಹ ಮಾಡಿದವನು ಡುರಾಸನ ಅಪ್ಪ. ಸತ್ಯ ಹೊರಬಿದ್ದರೆ ಸಾಮ್ರಾಜ್ಯ ಒಡೆಯುತ್ತದೆಂದು ಹಿರಿಯರು ಸುಳ್ಳನ್ನೇ ಉಳಿಸಿಕೊಳ್ಳುತ್ತಾರೆ. ವರ್ಫ್ ಬಹಿಷ್ಕಾರ ಒಪ್ಪಿಕೊಂಡು ನಿಲ್ಲುತ್ತಾನೆ, ಸಭೆಯವರು ಅವನಿಗೆ ಬೆನ್ನು ತಿರುಗಿಸುತ್ತಾರೆ. ಸಂಬಂಧ ಗುಟ್ಟಾಗಿಟ್ಟಿದ್ದ ತಮ್ಮ ಕರ್ನ್ ಕೂಡ. ದೊಡ್ಡವರ ಮನೆ ಮರ್ಯಾದೆ ಉಳಿಸಲು ಸಣ್ಣವರ ಮೇಲೆ ಕೆಸರು ಒರೆಸುವುದನ್ನು ನೋಡಲು ಅಷ್ಟು ದೂರದ ಗ್ರಹಕ್ಕೆ ಹೋಗಬೇಕಿರಲಿಲ್ಲ ಬಿಡಿ.

1991ರಲ್ಲಿ ಮರ್ಯಾದೆ ಮರಳುತ್ತದೆ, ಮುಂದೆ ಮತ್ತೆ ಹೋಗುತ್ತದೆ. 1996ರ ಕಂತಿನಲ್ಲಿ ಮನೆತನವಿಲ್ಲದೆ ಬದುಕಲಾರೆನೆಂದು ಕರ್ನ್ ಸಾವನ್ನೇ ಬೇಡುತ್ತಾನೆ. ಕೊನೆಗೆ ಅವನ ನೆನಪನ್ನೆಲ್ಲ ಅಳಿಸಿ, ಬೇರೊಬ್ಬನ ಮಗನೆಂದು ಹೊಸ ಹೆಸರು ಕೊಟ್ಟು ಕಳಿಸುತ್ತಾರೆ. ಎದುರಿಗೆ ನಿಂತ ಅಣ್ಣ ಯಾರೆಂದೂ ಅವನಿಗೆ ಗೊತ್ತಾಗುವುದಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನಮ್ಮನಿಗೂ ಮದುವೆಯ ದಿನ ಹಾಗೆಯೇ ಆಯಿತು. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದರು, ಸಕ್ಕರೆ ಹಂಚಿದರು. ಅಮ್ಮನಿಗೆ ಆಗ ಹದಿನಾರು. ಪಡಿತರ ಚೀಟಿಯಿಂದ ಮರಣಪತ್ರದವರೆಗೆ ಹೊಸದೇ ನಡೆಯಿತು. ಕರ್ನ್‌ಗೆ ಮಾಡಿದಂತೆ ನೆನಪನ್ನು ಮಾತ್ರ ಯಾರೂ ಅಳಿಸಲಿಲ್ಲ, ಅದನ್ನು ಅಮ್ಮನಿಗೇ ಬಿಟ್ಟರು. ವರ್ಷಕ್ಕೊಮ್ಮೆ ಗೌರಿ ಬಾಗಿನ ತರುತ್ತಿದ್ದ ಸೋದರಮಾವ ಜಗುಲಿಯಿಂದಲೇ ಹಳೆಯ ಹೆಸರು ಕೂಗುತ್ತಿದ್ದ. ಅಮ್ಮ ಒದ್ದೆ ಕೈಯಲ್ಲೇ ಓಡಿ ಬರುತ್ತಿದ್ದಳು. ಮಾವ ತೀರಿಕೊಂಡ ಮೇಲೆ ಆ ಹೆಸರು ಕೂಗುವವರು ಉಳಿಯಲಿಲ್ಲ.

ಕ್ಲಿಂಗಾನ್ ಹೆಂಗಸರ ಪಾಡೇನು ಎಂದು ಹುಡುಕಿ ನೋಡಿದೆ. ಮಹಾಸಭೆಯಲ್ಲಿ ಹೆಂಗಸರಿಗೆ ಜಾಗವಿಲ್ಲವೆಂದು 1991ರ ಧಾರಾವಾಹಿ ಹೇಳಿದರೆ, ಅದೇ ವರ್ಷದ ಚಲನಚಿತ್ರದಲ್ಲಿ ಗೋರ್ಕನ್‌ನ ಮಗಳು ಅಜೆಟ್‌ಬರ್ ಅಪ್ಪನ ನಂತರ ಅಧಿಪತಿಯೇ ಆಗುತ್ತಾಳೆ. ಬರೆದವರಲ್ಲೇ ಒಮ್ಮತ ಇರಲಿಲ್ಲವೇನೋ. 1994ರ ಗ್ರಿಲ್ಕಾ ನನಗೆ ಬಲು ಇಷ್ಟ. ಗಂಡ ಸತ್ತ, ಗಂಡು ವಾರಸುದಾರನಿಲ್ಲ, ಮನೆ ಪರರ ಪಾಲಾಗುತ್ತದೆ ಎಂದಾಗ ಆಕೆ ಕ್ವಾರ್ಕ್ ಎಂಬ ಪುಕ್ಕಲು ಪಾನಗೃಹದ ಮಾಲೀಕನನ್ನು ಹೆದರಿಸಿ ಮದುವೆಯಾಗುತ್ತಾಳೆ. ಕೆಲಸವಾದ ಮೇಲೆ ಮನೆಯ ಯಜಮಾನಿಕೆ ತನ್ನ ಹೆಸರಿಗೇ ಬಂದಾಗ, ಅವನ ಕೆನ್ನೆಗೊಂದು ಕೊಟ್ಟು, ಉಗುಳಿ, ವಿಚ್ಛೇದನ ಮುಗಿಸುತ್ತಾಳೆ. ವಕೀಲರ ಖರ್ಚೂ ಇಲ್ಲ.

ಬೆಲಾನಾ ಟಾರೆಸ್‌ಳದು ಬೇರೆ ಕಥೆ. 1995ರಲ್ಲಿ ಶುರುವಾದ 'ವಾಯೇಜರ್' ಸರಣಿಯ ಈ ಎಂಜಿನಿಯರ್‌ಳ ತಾಯಿ ಕ್ಲಿಂಗಾನ್, ತಂದೆ ಮನುಷ್ಯ. ಚಿಕ್ಕವಳಿದ್ದಾಗಲೇ ಅವಳನ್ನು ಬಿಟ್ಟು ಹೋದವನು ತಂದೆ, ಆದರೂ ಅವಳು ಹೊತ್ತದ್ದು ಅವನ ಹೆಸರನ್ನೇ. ತಾಯಿಯ ಜೊತೆ ಅವಳಿಗೆ ಸದಾ ಜಟಾಪಟಿ. 2001ರ ಕೊನೆಯ ಕಂತಿನಲ್ಲಿ ಅವಳಿಗೆ ಹೆಣ್ಣುಮಗು. ಆ ಕಂತು ತೋರಿಸುವ ಮುಂದಿನ ಕಾಲದಲ್ಲಿ ಮಗಳು ದೊಡ್ಡವಳಾಗಿದ್ದಾಳೆ. ಅವಳ ಹೆಸರು ಮಿರಾಲ್, ಅಜ್ಜಿಯದೇ ಹೆಸರು. ಹಿಂದೆ ಅಪ್ಪನ 'ಪ್ಯಾರಿಸ್' ಅಂಟಿಕೊಂಡಿದೆ, ಇರಲಿ.

ನನ್ನ ಮಗಳಿಗೀಗ ಏಳು ತಿಂಗಳು. ಮೊನ್ನೆ ಸೊಪ್ಪು ಬಿಡಿಸುತ್ತಿದ್ದಾಗ, "ಅಜ್ಜಿಯ ಮೊದಲಿನ ಹೆಸರು ಏನಂದೆ? ಬರೆದು ಕೊಡು" ಎಂದಳು. ಹಾಲಿನ ಲೆಕ್ಕದ ಪುಸ್ತಕದಿಂದ ಹಾಳೆ ಹರಿದು ಬರೆದೆ. ಅದನ್ನು ಬರವಣಿಗೆಯಲ್ಲಿ ನೋಡಿದ್ದು ನಾನೂ ಅದೇ ಮೊದಲು. ಕೊನೆಯ ಅಕ್ಷರಕ್ಕೆ ದೀರ್ಘ ಹಾಕಬೇಕೋ ಬೇಡವೋ ಎಂದು ಕೇಳಲು ಮಾವನ ಮನೆಗೆ ಫೋನ್ ಮಾಡಿದೆ.