ಹಂಸಗ್ರೀವ

ಕಳೆದ ಶನಿವಾರ ಬೆಳಿಗ್ಗೆ ನನ್ನ ಪಿಕಪ್ ಟ್ರಕ್ಕಿನ ಹಿಂಭಾಗದಲ್ಲಿ ಉದುರಿದ್ದ ಒಣಹುಲ್ಲಿನ ಕಸವನ್ನು ಗುಡಿಸುತ್ತಿದ್ದಾಗ, ಕಸಬರಿಗೆಯು ಮುಂದಣ ಅಂಚಿನಿಂದ ಹೊರಟು, ಎಲ್ಲಿಯೂ ಎಡವದೆ, ಯಾವುದಕ್ಕೂ ಪ್ರದಕ್ಷಿಣೆ ಹಾಕದೆ, ಹಿಂಬಾಗಿಲಿನ ಪರ್ಯಂತ ಒಂದೇ ಓಟದಲ್ಲಿ ಸರಿದುಹೋಯಿತು. ಅದನ್ನು ಕಂಡು ನನಗಾದ ಸಂತೋಷವು ಅರವತ್ತು ದಾಟಿದ ಗೃಹಸ್ಥನೊಬ್ಬನಿಗೆ ತಕ್ಕುದೋ ಅಲ್ಲವೋ ಎಂಬುದನ್ನು ನನ್ನ ಹೆಂಡತಿಯು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನಗೆಯಿಂದಲೇ ತೀರ್ಮಾನಿಸಿಬಿಟ್ಟಳು. ಆದರೆ ಹಿಂದಿನ ಟ್ರಕ್ಕಿನ ಹಾಸಿನ ನಟ್ಟನಡುವೆ ಉದ್ಭವಲಿಂಗದಂತೆ ಮೂಡಿ ನಿಂತಿದ್ದ ಉಕ್ಕಿನ ಗುಂಡನ್ನೂ, ಮೇವಿನ ಚೀಲ ಹೊತ್ತು ಹತ್ತಿದಾಗಲೆಲ್ಲ ಅದು ಎಂಟು ವರ್ಷಗಳ ಕಾಲ ನನ್ನ ಮೊಣಕಾಲಿನಿಂದ ವಸೂಲು ಮಾಡಿದ ಕಪ್ಪಕಾಣಿಕೆಯನ್ನೂ ಬಲ್ಲವರು ಯಾರೂ ನಗಲಾರರು.

ಟೆಕ್ಸಾಸಿನ ಬ್ರೆನಮ್ ಊರಿನ ಬಳಿ, ಹ್ಯೂಸ್ಟನ್ನಿನಿಂದ ವಾಯವ್ಯಕ್ಕೆ ಸುಮಾರು 70 ಮೈಲಿಯ ದೂರದಲ್ಲಿ, ನನಗೆ ಹನ್ನೆರಡು ಎಕರೆ ಹುಲ್ಲುಗಾವಲೂ ಒಂಬತ್ತು ದನಗಳೂ ಅವುಗಳನ್ನು ಒಯ್ಯಲು ಒಂದು ಗೂಸ್‌ನೆಕ್ ಟ್ರೇಲರೂ ಇವೆ. ಟ್ರೇಲರಿನ ಕೊರಳು ಹಿಂಬಾಗಿಲಿನ ಮೇಲೆ ಹಾಯ್ದು, ಬಾಗಿ, ಹಿಂದಣ ಅಚ್ಚಿಗಿಂತ ಎರಡು ಮೂರು ಅಂಗುಲ ಮುಂದಿರುವ ಗುಂಡಿನ ಮೇಲೆ ಇಳಿಯುತ್ತದೆ. ಅತಿಭಾರದ 3 ಅಂಗುಲದವನ್ನು ಬಿಟ್ಟರೆ ಆ ಗುಂಡಿನ ವ್ಯಾಸವು 2 5/16 ಅಂಗುಲವೇ ಆಗಿರುವುದರಿಂದ ಅದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಚರ್ಚೆಯೆಲ್ಲವೂ ಗುಂಡನ್ನು ಟ್ರಕ್ಕಿಗೆ ಹೇಗೆ ಬಿಗಿಯಬೇಕೆಂಬುದರಲ್ಲಿ. ಹಾಸಿನ ಮೇಲೆಯೇ ತಟ್ಟೆ ಕೂರಿಸಿ ಗುಂಡು ನಿಲ್ಲಿಸುವವರುಂಟು. ಮಡಚುವ ಗುಂಡನ್ನು ಮೆಚ್ಚುವವರುಂಟು. ಕಾರ್ಖಾನೆಯಲ್ಲಿಯೇ ಗುಳಿಗಳನ್ನು ಮಾಡಿಕೊಟ್ಟ ಟ್ರಕ್ಕು ಕೊಂಡು ಈ ತಲೆನೋವಿನಿಂದ ಪಾರಾಗುವ ಪುಣ್ಯವಂತರೂ ಉಂಟು. ನಾನು ನಾಲ್ಕು ತಿಂಗಳು ಅಳೆದೂ ಸುರಿದೂ ಕಡೆಗೆ ಆರಿಸಿಕೊಂಡದ್ದು ಮಗುಚುವ ಗುಂಡು. ಕ್ಯಾನ್ಸಾಸಿನ ಹಂಬೋಲ್ಟ್ ಎಂಬ ಪುಟ್ಟ ಊರಿನಲ್ಲಿ ತಯಾರಾಗುವ ಇದರ ಉಕ್ಕಿನ ತೊಲೆಗಳೆಲ್ಲ ಹಾಸಿನ ಕೆಳಗೆ ಮರೆಯಾಗಿರುತ್ತವೆ. ಚಕ್ರದ ಕಮಾನಿನೊಳಗಿನ ಹಿಡಿಯನ್ನು ಎಳೆದು, ಗುಂಡನ್ನು ಕಿತ್ತು, ತಲೆಕೆಳಗಾಗಿಸಿ ಅದೇ ಕುಳಿಯಲ್ಲಿ ಇಳಿಬಿಟ್ಟರೆ, ಕೆಲಸ ಮುಗಿದ ಸೇವಕನು ಹಿಂದಣ ಬಾಗಿಲಿನಿಂದ ನಿಶ್ಶಬ್ದವಾಗಿ ಹೋದಂತೆ ಅದು ಅದೃಶ್ಯವಾಗುತ್ತದೆ. ಇಷ್ಟು ಸೌಖ್ಯಕ್ಕಾಗಿ ಹಾಸಿನಲ್ಲಿ 4 ಅಂಗುಲದ ತೂತು ಕೊರೆಯಬೇಕು. ಆ ಗರಗಸವು ತಿರುಗುತ್ತಿದ್ದಷ್ಟು ಹೊತ್ತು ನಾನು ಅಂಗಳದ ಇನ್ನೊಂದು ತುದಿಯಲ್ಲಿ, ಮಗುವಿನ ಕಿವಿ ಚುಚ್ಚಿಸುವಾಗ ತಂದೆಯಾದವನು ಮುಖ ತಿರುಗಿಸಿ ನಿಲ್ಲುವ ಹಾಗೆ ನಿಂತಿದ್ದೆ.

ಹೆಬ್ಬಾತಿನ ಕೊರಳೆಂಬ ಅರ್ಥದ ಗೂಸ್‌ನೆಕ್ ಶಬ್ದವನ್ನು ನಾನು ನನ್ನಷ್ಟಕ್ಕೆ ಹಂಸಗ್ರೀವವೆಂದು ಭಾಷಾಂತರಿಸಿಕೊಂಡಿದ್ದೇನೆ. ಹೆಬ್ಬಾತನ್ನು ಹಂಸದ ಪದವಿಗೇರಿಸುವುದು ಅತಿಯಾಯಿತೆಂದು ಮಿತ್ರರು ಆಕ್ಷೇಪಿಸುವುದುಂಟು. ಆದರೆ ಸಂಸ್ಕೃತ ಕವಿಗಳ ಹಂಸವು ಹೆಬ್ಬಾತೇ ಎಂದು ಹೇಳುವ ವಿದ್ವಾಂಸರಿದ್ದಾರೆ, ಮತ್ತು ಲಕ್ಷ್ಮೇಶ್ವರದ ನನ್ನ ಅಕ್ಕನ ಮನೆಗೆ ಚಳಿಗಾಲದಲ್ಲಿ ಹೋದಾಗ ಹತ್ತಿರದ ಮಾಗಡಿ ಕೆರೆಯ ದಂಡೆಯಲ್ಲಿ ನಿಂತು ನೋಡಿದ ಮೇಲೆ ನಾನು ಅವರ ಪಕ್ಷವನ್ನೇ ಸೇರಿದ್ದೇನೆ. 2024ರಲ್ಲಿ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿದ ಆ ಕೆರೆಗೆ ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಗಲೆಲ್ಲ ನೀರಿನಲ್ಲಿ ತೇಲುತ್ತ, ಕೊರಳನ್ನು ರೆಕ್ಕೆಯಲ್ಲಿ ಹುದುಗಿಸಿ ತೂಕಡಿಸುತ್ತವೆ. ಅವು ಹಾರುವಾಗ ಗಮನಿಸಿರಿ: ಕೊರಳು ಈಟಿಯಂತೆ ನೆಟ್ಟಗಿರುತ್ತದೆ, ಬಾಗುವುದು ಮೇಯುವಾಗಲೂ ಮಲಗುವಾಗಲೂ ಮಾತ್ರ. ಟೆಕ್ಸಾಸಿನ ಉಕ್ಕಿನ ಹಂಸವಾದರೋ ಪ್ರಯಾಣಕ್ಕೆಂದೇ ಕೊರಳು ಬಾಗಿಸುತ್ತದೆ. ಈ ಹೆಸರಿಟ್ಟಾತನು ಹೆಬ್ಬಾತನ್ನು ನೋಡಿದ್ದುದು ಊಟದ ವೇಳೆಯಲ್ಲಿ ಮಾತ್ರ ಎಂದು ತೋರುತ್ತದೆ.

ಹಂಸವನ್ನು ಬಿಟ್ಟು ಗುಂಡಿಗೆ ಬರೋಣ. ಗುಂಡು ಟ್ರೇಲರಿನ ಕೊರಳಿನ ನೇರಕ್ಕೆ ಬರುವಂತೆ ಟ್ರಕ್ಕನ್ನು ಒಬ್ಬನೇ ಹಿಮ್ಮೆಟ್ಟಿಸುವ ವಿದ್ಯೆಯಲ್ಲಿ ನನಗೆ ತುಸು ಅಹಂಕಾರವಿದೆ. ಹಿಂದಣ ಗಾಜಿನ ನಟ್ಟನಡುವೆ ಒಂದು ಬಿಳಿಯ ಪಟ್ಟಿ. ಗುಂಡಿಗೆ ಸಮನಾಗಿ ಹಾಸಿನ ಪಕ್ಕದ ಗೋಡೆಯ ಅಂಚಿನ ಮೇಲೆ ಸೀಮೆಸುಣ್ಣದ ಒಂದು ಗೀಟು. ಪಟ್ಟಿಯು ಎಡಬಲವನ್ನು ನೋಡಿಕೊಳ್ಳುತ್ತದೆ, ಗೀಟು ಹಿಂದುಮುಂದನ್ನು. ಹಿಂಬಾಗಿಲನ್ನು ಇಳಿಸಿ (ಇಳಿಸದೆ ಹೋದವರ ಕಥೆ ಬೇರೆ, ಅದು ಕರುಣರಸ ಪ್ರಧಾನವಾದುದು), ಕೊರಳು ಪಟ್ಟಿಯಲ್ಲಿಯೂ ಗೀಟಿನಲ್ಲಿಯೂ ಏಕಕಾಲಕ್ಕೆ ಬಂದಾಗ ಬ್ರೇಕು ಒತ್ತಿ, ಇಳಿದು, ಜಾಕಿಯ ಹಿಡಿಯನ್ನು ತಿರುಗಿಸಿದರೆ, ಕೊರಳಿನ ತುದಿಯ ಬಟ್ಟಲು ಗುಂಡಿನ ಮೇಲೆ ಕೂತು ಗಂಭೀರವಾದ ಒಂದು ಸದ್ದು ಬರುತ್ತದೆ. ಒಡನೆಯೇ ಹೊರಟುಬಿಡಬಾರದು. ಬೀಗ ಹಾಕಿ, ಜಾಕಿಯನ್ನು ಮತ್ತೆ ಸ್ವಲ್ಪ ಏರಿಸಿ, ಕೊರಳಿನ ಜೊತೆಗೆ ಟ್ರಕ್ಕಿನ ಬೆನ್ನೂ ಮೇಲೇಳುವುದನ್ನು ಕಣ್ಣಾರೆ ಕಂಡ ಮೇಲೆಯೇ ಸರಪಳಿ, ಅದರ ಮೇಲೆಯೇ ದೀಪದ ತಂತಿ.

ಗುಂಡಿಗೆ ಗ್ರೀಸು ಬಳಿಯಬೇಕೋ ಬಾರದೋ ಎಂಬ ವಿಷಯದಲ್ಲಿ ಈ ಸೀಮೆಯಲ್ಲಿ ದ್ವೈತಾದ್ವೈತಗಳಂತೆ ಎರಡು ಪಂಥಗಳಿವೆ. ಬಳಿಯುವವರು ಲೋಹಕ್ಕೆ ಲೋಹ ತಿಕ್ಕಿ ಸವೆಯುವುದೆನ್ನುತ್ತಾರೆ. ಬಳಿಯದವರು ಗ್ರೀಸಿಗೆ ಧೂಳು ಮೆತ್ತಿ ಅದೇ ಅರದಂತೆ ಉಜ್ಜುವುದೆನ್ನುತ್ತಾರೆ. ಜಮಖಂಡಿ ಸೀಮೆಯ ಚಕ್ಕಡಿಯ ಕೀಲೆಣ್ಣೆಯ ವಾಸನೆಯಲ್ಲಿ ಬೆಳೆದ ನಾನು ಬಳಿಯುವವನೇ. ಆದರೆ ಪ್ರತಿ ಸಲವೂ ಹಳೆಯದನ್ನು ಒರೆಸಿ ತೆಗೆದು ಹೊಸದನ್ನು ಬೆರಳ ತುದಿಯಷ್ಟೇ ಹಚ್ಚುತ್ತೇನೆ. ಬೆಣ್ಣೆಯ ಮುದ್ದೆಯಂತೆ ಮೆತ್ತಿ, ಅದರ ಮೇಲೆಯೇ ವರುಷಗಟ್ಟಲೆ ಮೆತ್ತುತ್ತ ಹೋಗುವ ನಮ್ಮ ಪಂಥೀಯರಿಗಿಂತ ಎದುರು ಪಂಥದವರೇ ವಾಸಿ.

ಗ್ರೀಸಿನ ಜಗಳ ವಿನೋದದ್ದು. ವಿನೋದವಲ್ಲದ ಜಗಳ ಇನ್ನೊಂದಿದೆ. ಗುಂಡನ್ನು ಟ್ರಕ್ಕಿಗೆ ಬಿಗಿಯುವ ಹಿಚ್ಚಿನ ಮೇಲೆ 30,000 ಪೌಂಡು ಎಂದು ಅಚ್ಚೊತ್ತಿರುತ್ತದೆ, ಎಂದರೆ ಸುಮಾರು 13,600 ಕಿಲೋ. ಅದನ್ನು ಓದಿದವನು ಆ ಬಲವೆಲ್ಲ ತನ್ನ ಟ್ರಕ್ಕಿಗೆ ಬಂದಿತೆಂದು ತಿಳಿಯುತ್ತಾನೆ. ಗೂಸ್‌ನೆಕ್ ಟ್ರೇಲರು ತನ್ನ ತೂಕದ ಐದನೆಯ ಒಂದು ಭಾಗದಿಂದ ಕಾಲು ಭಾಗದವರೆಗೆ ಗುಂಡಿನ ಮೇಲೆ ಊರುತ್ತದೆ. ದನ ತುಂಬಿ 14,000 ಪೌಂಡು ತೂಗುವ ಟ್ರೇಲರೆಂದರೆ ಗುಂಡಿನ ಮೇಲೆ 2,800ರಿಂದ 3,500 ಪೌಂಡು. ಇನ್ನು ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿರುತ್ತದೆ: ಈ ಗಾಡಿಯು ಜನವನ್ನೂ ಸರಕನ್ನೂ ಕೂಡಿ ಇಷ್ಟೇ ಹೊರಬಲ್ಲುದು ಎಂದು. ನನ್ನ ನೆರೆಯವರ ಟ್ರಕ್ಕಿನಲ್ಲಿ ಅದು 2,400 ಪೌಂಡು. ಅದರಲ್ಲಿ ಅವರ ತೂಕವೂ, ಅವರ ನಾಯಿಯದೂ, ಹಿಚ್ಚಿನ ಸ್ವಂತ ತೂಕವೂ ಸೇರಿರಬೇಕು. ಇದನ್ನು ತೋರಿಸಿದಾಗ ಅವರು ಆಡಿದ ಮಾತು, “ಇಂಜಿನ್ನು ಎಳೆಯುತ್ತದಲ್ಲ!” ಎಂದು. ಎಳೆಯುತ್ತದೆ ಸ್ವಾಮಿ, ಅದನ್ನು ಅಲ್ಲಗಳೆದವರಾರು? ಆದರೆ ಹೊರುವುದು ಇಂಜಿನ್ನಲ್ಲ. ಸ್ಪ್ರಿಂಗು, ಅಚ್ಚು, ಟಯರು.

ಇದಕ್ಕಿಂತ ಹೊಟ್ಟೆ ಉರಿಸುವವರು ಸರಪಳಿ ಹಾಕದವರು. ಕಳೆದ ಮಾರ್ಚಿಯಲ್ಲಿ ದನಗಳ ಹರಾಜಿನ ಅಂಗಳದಲ್ಲಿ ಒಬ್ಬಾತ ಎರಡೂ ಸರಪಳಿಗಳನ್ನು ಟ್ರೇಲರಿನ ಕೊರಳಿಗೇ ಸುತ್ತಿ ಆಭರಣ ಮಾಡಿದ್ದ. ಇಷ್ಟು ಭಾರ ಕೂತಿರುವಾಗ ಅದು ಎಲ್ಲಿಗೆ ಏಳುತ್ತದೆ ಎಂದು ನಕ್ಕ. ಬೀಗ ಸರಿಯಾಗಿ ಬೀಳದಿದ್ದ ದಿನ, ರೈಲುಹಳಿಯ ಉಬ್ಬನ್ನು ವೇಗದಲ್ಲಿ ದಾಟಿದ ದಿನ ಏಳುತ್ತದೆ. ಎದ್ದು, ಪರರ ಮಕ್ಕಳು ಕೂತ ಕಾರಿನ ಕಡೆಗೆ ಹೋಗುತ್ತದೆ. ಎರಡು ಕೊಕ್ಕೆ ಸಿಕ್ಕಿಸಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷವನ್ನು ಉಳಿಸಿ ಈತನು ಏನನ್ನು ಸಾಧಿಸುತ್ತಾನೆಂದು ನೋಡಿದರೆ, ಹರಾಜಿನ ಬಾಗಿಲಲ್ಲಿ ತಂಪು ಪಾನೀಯ ಹಿಡಿದು ಮುಕ್ಕಾಲು ಗಂಟೆ ಹರಟುತ್ತಿದ್ದ. ನನಗೆ ಇದರಲ್ಲಿ ಹಾಸ್ಯ ಕಾಣುವುದಿಲ್ಲ.

ಇಂಥವರ ನಡುವೆ ನನಗೆ ನೆನಪಾಗುವವನು ನನ್ನ ಅಜ್ಜ. ಆತನು ಓದಿದವನಲ್ಲ. ಜೋಳದ ಚೀಲಗಳನ್ನು ಚಕ್ಕಡಿಗೆ ಹೇರಿಯಾದ ಮೇಲೆ, ಎತ್ತು ಹೂಡುವ ಮುನ್ನ, ನೊಗದ ಅಡಿಗೆ ಅಂಗೈ ಕೊಟ್ಟು ಒಮ್ಮೆ ಎತ್ತಿ ನೋಡುತ್ತಿದ್ದ. ತಾನಾಗಿ ಮೇಲೆದ್ದರೆ ಹಿಂಭಾರ, ಎರಡು ಚೀಲ ಮುಂದಕ್ಕೆ. ಏಳಲೊಲ್ಲದಿದ್ದರೆ ಮುಂಭಾರ, ಒಂದು ಚೀಲ ಹಿಂದಕ್ಕೆ. “ಎತ್ತು ಬರೇ ಎಳದ್ರ ಆಗೂದಿಲ್ಲೋ ತಮ್ಮಾ, ಹೆಗಲಿಗೆ ಒಂದೀಟು ಭಾರಾನೂ ಬೀಳಬೇಕು. ಭಾರ ಇಲ್ಲದ ನೊಗ ಕೊಳ್ಳಾಗ ನಿಲ್ಲೂದಿಲ್ಲ” ಎನ್ನುತ್ತಿದ್ದ. ಬಂಪರಿಗೆ ಸಿಕ್ಕಿಸಿದ ಟ್ರೇಲರು ಅಚ್ಚಿನಿಂದ ಎಷ್ಟೋ ಹಿಂದೆ ತೂಗಿ ಟ್ರಕ್ಕಿನ ಮೂತಿಯನ್ನು ಏಕೆ ಹಗುರ ಮಾಡುತ್ತದೆ, ಅಚ್ಚಿನ ನೆತ್ತಿಯ ಮೇಲೆ ಕೂರುವ ಗೂಸ್‌ನೆಕ್ ಏಕೆ ಮಾಡುವುದಿಲ್ಲ ಎಂಬುದೆಲ್ಲವೂ ಆ ಅಂಗೈಯಲ್ಲಿತ್ತು. ಹಿಚ್ ಆರಿಸಿದ ನಾಲ್ಕು ತಿಂಗಳಲ್ಲಿ ನಾನು ಓದಿದ ಕೈಪಿಡಿಗಳಿಗೆ ಅದೇ ಮೂಲಪಾಠ: ಎಷ್ಟು ಎಳೆದೀತು ಎಂದು ಕೇಳುವ ಮುನ್ನ ಎಷ್ಟು ಹೊತ್ತೀತು ಎಂದು ಕೇಳು.

ಗುಡಿಸಿದ ಆ ಶನಿವಾರದ ಮಧ್ಯಾಹ್ನವೇ ಗುಂಡನ್ನು ಮಗುಚಿ, ಟ್ರೇಲರು ಹೂಡಿ, ಒಂದು ಬ್ರಾಹ್ಮನ್ ಹೋರಿಯನ್ನು ತರಲು ಹೊರಟೆ. ಇಲ್ಲಿಯ ರೈತರು ಬ್ರೇಮರ್ ಎನ್ನುವ ಈ ತಳಿಗೆ 1924ರಲ್ಲಿ ಹುಟ್ಟಿದ ಸಂಘವೊಂದಿದೆ. ತಳಿಯ ರಕ್ತವಾದರೋ ಭಾರತದ್ದು, ಗೀರ್, ಗುಜೆರಾತ್, ನೆಲ್ಲೂರು, ಮತ್ತು ನಮ್ಮ ಕೃಷ್ಣಾ ಕಣಿವೆಯದು. ಎರೆಹೊಲದ ಕೆಸರಿನಲ್ಲಿ ನೇಗಿಲೆಳೆಯಲೆಂದೇ ಬೆಳೆಸಿದ, ಇಂದು ತವರಿನಲ್ಲಿಯೇ ವಿರಳವಾಗಿರುವ ಆ ಎತ್ತುಗಳ ದೂರದ ಬಂಧುವು, ಹಲಗೆಯನ್ನು ಹತ್ತಿ, ಇಣಿಯನ್ನು ಅಲುಗಿಸುತ್ತ, ತನಗೆ ಬರಬೇಕಾದ ಮರ್ಯಾದೆಯೇ ಇದು ಎಂಬಂತೆ ಟ್ರೇಲರಿನೊಳಗೆ ಹೋಗಿ ನಿಂತಿತು. ಬಾಗಿಲು ಹಾಕಿದೆ, ಸರಪಳಿಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿದೆ. ಬಳಿಕ, ಮಾರಿದಾತನು ಆ ಕಡೆ ತಿರುಗಿರುವುದನ್ನು ಖಚಿತಪಡಿಸಿಕೊಂಡು, ಉಕ್ಕಿನ ಕೊರಳಿನ ಅಡಿಗೆ ಅಂಗೈ ಕೊಟ್ಟೆ. ಅದು ಏಳಲಿಲ್ಲ, ಏಳುವ ಮಾತೂ ಇರಲಿಲ್ಲ. ಒಳಗೆ ಹೋರಿಯು ಒಂದು ಹೆಜ್ಜೆ ಮುಂದಕ್ಕೆ ಇಟ್ಟಿತು. ಅಂಗೈಗೆ ಗೊತ್ತಾಯಿತು.